ಆಂಬುಲೆನ್ಸ್ ಬರುವ ತನಕ

ಕೇಳುಗರೇ, ನಮಸ್ಕಾರ.

ಯಾರಾದರೂ ಕಣ್ಣೆದುರೇ ಕುಸಿದು ಬಿದ್ದರೆ ಏನಾಗುತ್ತದೆ? ಸುತ್ತ ಗುಂಪು ಕಟ್ಟುತ್ತದೆ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ. ಇನ್ನೊಬ್ಬರು ಎತ್ತಿ ಕೂರಿಸಲು ನೋಡುತ್ತಾರೆ. ಮತ್ತೊಬ್ಬರು ಲೋಟ ತಂದು ಬಾಯಿಗೆ ಹಿಡಿಯುತ್ತಾರೆ. ಎಲ್ಲರದ್ದೂ ಒಳ್ಳೆಯ ಮನಸ್ಸೇ. ಆದರೆ ಬಿದ್ದವರು ಉಸಿರಾಡುತ್ತಿದ್ದಾರಾ ಎಂದು ನೋಡಿದವರು ಮಾತ್ರ ಅಲ್ಲಿ ಅಪರೂಪ.

ನೋಡುವುದು ಕಷ್ಟವಲ್ಲ. ಮೊದಲು ಸುತ್ತ ಕಣ್ಣಾಡಿಸಿ. ಕರೆಂಟ್ ತಂತಿ, ಓಡುವ ವಾಹನ, ಗ್ಯಾಸ್ ವಾಸನೆ ಇದ್ದರೆ ನೀವೂ ಬೀಳುತ್ತೀರಿ. ಅಪಾಯವಿಲ್ಲ ಎಂದಾದರೆ ಹತ್ತಿರ ಹೋಗಿ ಹೆಗಲು ತಟ್ಟಿ, ಗಟ್ಟಿಯಾಗಿ ಕರೆಯಿರಿ. ಓಗೊಡದಿದ್ದರೆ ಎದೆ ಏರಿಳಿಯುತ್ತಿದೆಯಾ ನೋಡಿ. ಇದಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು, ಗೊರಕೆ ಹೊಡೆದ ಹಾಗೆ ಉಸಿರೆಳೆಯುತ್ತಾರೆ. ಅದನ್ನು ಉಸಿರಾಟ ಎಂದುಕೊಳ್ಳಬೇಡಿ. 'ಉಸಿರಿದೆ, ಪರವಾಗಿಲ್ಲ' ಎಂದು ಕಾಯುತ್ತಾ ಕೂತರೆ ಕೈಮೀರುತ್ತದೆ.

ಎಚ್ಚರವಿಲ್ಲ, ಸರಿಯಾದ ಉಸಿರೂ ಇಲ್ಲ ಎಂದರೆ ಹೃದಯ ನಿಂತಿದೆ ಎಂದೇ ತಿಳಿದುಕೊಳ್ಳಿ. ನಾಡಿ ಹುಡುಕುತ್ತಾ ಕೂರಬೇಡಿ. ತುರ್ತು ಸೇವೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಪಕ್ಕದಲ್ಲಿಡಿ. ಜನ ಇದ್ದರೆ 'ಯಾರಾದರೂ ಫೋನ್ ಮಾಡಿ' ಎನ್ನಬೇಡಿ. ಒಬ್ಬರತ್ತ ಬೊಟ್ಟು ಮಾಡಿ 'ನೀವು ಮಾಡಿ' ಎನ್ನಿ. ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ.

ಮೆದುಳಿಗೆ ರಕ್ತ ಹೋಗುವುದು ನಿಂತರೆ ನಾಲ್ಕೈದು ನಿಮಿಷದಲ್ಲೇ ಅದಕ್ಕೆ ಪೆಟ್ಟು ಬೀಳಲು ಶುರುವಾಗುತ್ತದೆ. ಅಷ್ಟರೊಳಗೆ ಆಂಬುಲೆನ್ಸ್ ಬರುವುದು ಅಪರೂಪ. ಹಾಗಾಗಿ ಆ ನಿಮಿಷಗಳಲ್ಲಿ ಹೃದಯದ ಕೆಲಸವನ್ನು ಪಕ್ಕದಲ್ಲಿರುವವರ ಕೈಗಳೇ ಮಾಡಬೇಕು. ಅದೇ ಸಿಪಿಆರ್.

ಈಗ ನೀವು ಕೇಳುತ್ತಾ ಕೂತಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಎದೆಯ ನಡುವೆ ಉದ್ದಕ್ಕೆ ಇರುವ ಮೂಳೆಯನ್ನು ಮುಟ್ಟಿ ನೋಡಿ. ಅದರ ಕೆಳಗಿನ ಅರ್ಧ ಸಿಕ್ಕಿತಾ? ಒತ್ತಬೇಕಾದ ಜಾಗ ಅದೇ. ಬಿದ್ದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಂದು ಅಂಗೈಯ ಬುಡವನ್ನು ಅಲ್ಲಿಡಿ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಬಗ್ಗಬಾರದು. ಮೈಭಾರ ಹಾಕಿ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ, ಪೂರ್ತಿ ಬಿಡಿ. ಎದೆ ಮೇಲೆದ್ದಾಗಲೇ ಹೃದಯಕ್ಕೆ ರಕ್ತ ತುಂಬಿಕೊಳ್ಳುವುದು, ಹಾಗಾಗಿ ಬಿಡುವುದೂ ಒತ್ತಿದಷ್ಟೇ ಮುಖ್ಯ. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು. ಒಂದು-ಎರಡು, ಮೂರು-ನಾಲ್ಕು, ಐದು-ಆರು, ಹೀಗೆ. ಬೇಗ ಸುಸ್ತಾಗುತ್ತದೆ. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈ ಬದಲಿಸಲಿ, ಮಧ್ಯೆ ನಿಲ್ಲುವುದು ಬೇಡ.

ಪಕ್ಕೆಲುಬು ಮುರಿದರೆ ಎಂಬ ಭಯ ಇರುತ್ತದೆ, ಅಲ್ವಾ? ಮುರಿಯಬಹುದು. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ನೀವು ಮುಂದುವರಿಸಿ. ಬಾಯಿಗೆ ಬಾಯಿ ಇಟ್ಟು ಗಾಳಿ ಕೊಡಲು ಬಾರದಿದ್ದರೆ, ದೊಡ್ಡವರ ವಿಷಯದಲ್ಲಿ ಬರೀ ಎದೆ ಒತ್ತಿದರೂ ಉಪಯೋಗವಿದೆ. ಮಕ್ಕಳಿಗೆ ಮತ್ತು ನೀರಲ್ಲಿ ಮುಳುಗಿದವರಿಗೆ ಮಾತ್ರ ಗಾಳಿ ಬಹಳ ಮುಖ್ಯ. ಅದಕ್ಕಾಗಿಯೇ ಒಂದು ದಿನ ಬಿಡುವು ಮಾಡಿಕೊಂಡು ತರಬೇತಿ ಪಡೆಯಿರಿ ಎಂದು ನಾನು ಒತ್ತಾಯಿಸುವುದು. ಬೊಂಬೆಯ ಮೇಲೆ ಒಮ್ಮೆ ಒತ್ತಿದ ಕೈಗೆ ಎಷ್ಟು ಬಲ ಬೇಕೆಂದು ತಿಳಿದಿರುತ್ತದೆ.

ಎದೆ ಒತ್ತುವ ಈ ವಿಧಾನವನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮೂವರು ಜಗತ್ತಿಗೆ ತಿಳಿಸಿದರು. ಅವರಲ್ಲಿ ಹಿರಿಯರಾದ ಕೌವೆನ್‌ಹೋವೆನ್ ಡಾಕ್ಟರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದು, ಎರಡು ಕೈ ಇದ್ದರೆ ಸಾಕು ಎಂದು ಅವರು ಆಗಲೇ ಬರೆದರು. ಈಗ ಹಲವು ಕಡೆ ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಎಂಬ ಪೆಟ್ಟಿಗೆಯೂ ಸಿಗುತ್ತದೆ. ತೆರೆದು ಆನ್ ಮಾಡಿದರೆ ಏನು ಮಾಡಬೇಕೆಂದು ಅದೇ ಹೇಳುತ್ತದೆ. ಶಾಕ್ ಬೇಡದ ಹೃದಯಕ್ಕೆ ಅದು ಶಾಕ್ ಕೊಡುವುದಿಲ್ಲ, ಹೆದರಬೇಡಿ.

ಇನ್ನು ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲ್ಭಾಗದ ನಡುವೆ ಐದು ಸಲ ಬಲವಾಗಿ ಗುದ್ದಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ. ಹೊರಬರುವವರೆಗೆ ಎರಡನ್ನೂ ಒಂದರ ನಂತರ ಒಂದು ಮಾಡಿ. ವರ್ಷ ತುಂಬದ ಕೂಸಿಗೂ ಗರ್ಭಿಣಿಯರಿಗೂ ಹೊಟ್ಟೆ ಒತ್ತಬಾರದು, ಎದೆಯನ್ನೇ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ.

ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಅದನ್ನು ಕೀಳದೆ ಮೇಲೆ ಇನ್ನೊಂದು ಇಡಿ. ನಿಂತಿತಾ ಎಂದು ಸುಮ್ನೆ ಎತ್ತೆತ್ತಿ ನೋಡಬೇಡಿ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, ಅದೂ 20 ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಊದಿಕೊಳ್ಳುವ ಮುಂಚೆ ಉಂಗುರ, ಗಡಿಯಾರ ತೆಗೆಯಿರಿ. ಫಿಟ್ಸ್ ಬಂದವರ ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಲೂಬೇಡಿ. ತಲೆ ಕೆಳಗೆ ಮೆತ್ತಗಿನದೇನಾದರೂ ಇಟ್ಟು ಗಡಿಯಾರ ನೋಡಿ. ನಡುಕ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ. ನಡುಕ ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಬೇಕೇ ಬೇಕು.

ಗಡಿಯಾರ ಇನ್ನೂ ಮುಖ್ಯವಾಗುವುದು ಪಾರ್ಶ್ವವಾಯುವಿನಲ್ಲಿ, ಅಂದರೆ ಸ್ಟ್ರೋಕ್‌ನಲ್ಲಿ. ಇಲ್ಲಿ ನೋವೇ ಇಲ್ಲದಿರಬಹುದು, ಹಾಗಾಗಿ ಜನ 'ಸ್ವಲ್ಪ ಮಲಗಿದರೆ ಸರಿಹೋಗುತ್ತದೆ' ಎನ್ನುತ್ತಾರೆ. ನಗಲು ಹೇಳಿ, ಬಾಯಿ ಒಂದು ಕಡೆ ಜೋತಿದೆಯಾ? ಎರಡೂ ಕೈ ಎತ್ತಲು ಹೇಳಿ, ಒಂದು ಜಾರುತ್ತಿದೆಯಾ? ಮಾತು ತೊದಲುತ್ತಿದೆಯಾ? ಒಂದೇ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿಗೆ ನೀರಾಗಲಿ ಮಾತ್ರೆಯಾಗಲಿ ಹಾಕಬೇಡಿ, ನುಂಗಲು ಬಾರದೆ ಶ್ವಾಸಕೋಶಕ್ಕೆ ಹೋಗಬಹುದು. ಅವರು ಎಂದಿನಂತೆ ಚೆನ್ನಾಗಿದ್ದದ್ದನ್ನು ಕೊನೆಯದಾಗಿ ಕಂಡದ್ದು ಎಷ್ಟು ಹೊತ್ತಿಗೆ ಎಂದು ಮನೆಯವರನ್ನು ಕೇಳಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ನಮಸ್ಕಾರ.