ಹುಳುಕಡ್ಡಿಗೆ ತಣ್ಣನೆಯ ಮಿಂಚು

ನಮಸ್ಕಾರ. ನಾನು ಚರ್ಮದ ಡಾಕ್ಟರು. ಕೋಲ್ಡ್ ಪ್ಲಾಸ್ಮಾ, ಅಂದರೆ ಕರೆಂಟ್ ಹಾಯಿಸಿದ ತಣ್ಣನೆಯ ಅನಿಲ, ಅದರ ಬಗ್ಗೆ ಐದು ನಿಮಿಷ ಮಾತಾಡಿ ಅಂದಿದ್ದಾರೆ. ಹೆಸರು ಕೇಳಿ ರೇಡಿಯೋ ಆಫ್ ಮಾಡಬೇಡಿ, ವಿಷಯ ತೊಡೆಸಂದಿನ ತುರಿಕೆ. ಈಗ ಕೇಳುತ್ತೀರಿ, ಅಲ್ವಾ?

ಹುಳುಕಡ್ಡಿ ಅನ್ನಿ, ಗಜಕರ್ಣ ಅನ್ನಿ. ಹೆಸರಲ್ಲಿ ಹುಳು ಇದೆ, ಚರ್ಮದಲ್ಲಿ ಹುಳು ಇಲ್ಲ. ಅದು ಫಂಗಸ್. ಹಳೆ ಬ್ರೆಡ್ ಮೇಲೆ ಬರುವ ಬೂಷ್ಟಿನ ನೆಂಟ.

ನನ್ನ ಹತ್ತಿರ ಒಬ್ಬ ಹುಡುಗ ಬರುತ್ತಾನೆ, ಹೋಟೆಲಿನಲ್ಲಿ ದೋಸೆ ಹಾಕುವವನು. ಬೆಳಗಿನ ಜಾವದಿಂದ ಕಾವಲಿ ಮುಂದೆ ನಿಂತು ಬೆವರು, ಮೇಲೆ ಬಿಗಿ ಜೀನ್ಸ್ ಪ್ಯಾಂಟು. ಮೊದಲ ಸಲ ಬಂದಾಗ ಪ್ಲಾಸ್ಟಿಕ್ ಕವರಿನಿಂದ ಐದು ಖಾಲಿ ಟ್ಯೂಬ್ ಸುರಿದ. ಎಲ್ಲವೂ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದವು, ಎಲ್ಲದರಲ್ಲೂ ಸ್ಟೀರಾಯ್ಡ್, ಅಂದರೆ ತುರಿಕೆ ಅಡಗಿಸುವ, ಆದರೆ ಫಂಗಸ್ ಕೊಲ್ಲದ ಔಷಧಿ. ಎರಡು ದಿನದಲ್ಲಿ ತುರಿಕೆ ಮಾಯವಾಗುತ್ತಿತ್ತಂತೆ, ಬಿಟ್ಟ ಕೂಡಲೇ ಎರಡರಷ್ಟು. ಆಗದೆ ಇರುತ್ತದೆಯೇ? ಕಳ್ಳ ಒಳಗಿರುವಾಗ ಬೊಗಳುವ ನಾಯಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ ಅದು! ಅವನ ಸೊಂಟದ ಮೇಲೆ ಬಳೆಯೊಳಗೆ ಬಳೆ ಇಟ್ಟ ಹಾಗೆ ಉಂಗುರಗಳು. ಸ್ಟೀರಾಯ್ಡ್ ಹಚ್ಚಿದವರಲ್ಲಿ ಈ ಗುರುತು ನೋಡಿ ನೋಡಿ ನನಗೆ ಸಾಕಾಗಿದೆ. ರೂಮಿನಲ್ಲಿ ಎಂಟು ಜನ, ಎಂಟು ಜನಕ್ಕೂ ಅದೇ ಟ್ಯೂಬು, ಎರಡೇ ಟವೆಲ್ಲು. ನಾನು ಸ್ವಲ್ಪ ಜೋರಾಗಿಯೇ ಬೈದೆ. ಎಲ್ಲ ಕೇಳಿಸಿಕೊಂಡು, "ಡಾಕ್ಟ್ರೇ, ಇದನ್ನ ಕರೆಂಟಲ್ಲಿ ಸಾಯಿಸೋಕೆ ಆಗಲ್ವಾ?" ಅಂದ.

ದಡ್ಡ ಪ್ರಶ್ನೆ ಅಲ್ಲ ಸ್ವಾಮಿ. ಆರ್ಗಾನ್ ಥರದ ಅನಿಲಕ್ಕೋ ಬರೀ ಗಾಳಿಗೋ ಕರೆಂಟ್ ಕೊಟ್ಟರೆ ಪ್ಲಾಸ್ಮಾ ಆಗುತ್ತದೆ. ನಿಮ್ಮ ಹಳೆ ಟ್ಯೂಬ್‌ಲೈಟಿನ ಒಳಗಿರುವುದೂ ಅದೇ. ಎಲೆಕ್ಟ್ರಾನ್‌ಗಳು ಮಾತ್ರ ಕೆಂಡ, ಉಳಿದದ್ದು ತಣ್ಣಗೆ. ಸುರುಸುರು ಬತ್ತಿಯ ಕಿಡಿ ಕೈಮೇಲೆ ಬಿದ್ದರೂ ಸುಡುವುದಿಲ್ಲವಲ್ಲ, ಹಾಗೆ. ಚರ್ಮಕ್ಕೆ ತಾಗುವಾಗ 40 ಡಿಗ್ರಿಯ ಒಳಗೇ ಇರುತ್ತದೆ.

ಇನ್ನು ನಾನು ಹೇಳಲೇಬೇಕಾದ ಮಾತು. ನಾವು ಕೊಡುವ ಟರ್ಬಿನಾಫಿನ್ ಮಾತ್ರೆ ಫಂಗಸ್ಸಿನ ಒಂದೇ ಕಿಣ್ವವನ್ನು, ಅಂದರೆ ಅದರ ಪೊರೆ ಕಟ್ಟಲು ಬೇಕಾದ ಒಂದು ಪ್ರೋಟೀನನ್ನು, ಹಿಡಿಯುತ್ತದೆ. ಫಂಗಸ್ ಆ ಕಿಣ್ವವನ್ನು ಒಂಚೂರು ಬದಲಿಸಿಕೊಂಡರೆ ಸಾಕು, ಬೀಗ ಬದಲಾಯಿತು, ಕೀಲಿ ವ್ಯರ್ಥ. ಹಾಗೆ ಬೀಗ ಬದಲಿಸಿದ ಒಂದು ಜಾತಿಗೆ 2020ರಲ್ಲಿ ನಮ್ಮ ದೇಶದ ಹೆಸರನ್ನೇ ಸೇರಿಸಿದರು, ಟ್ರೈಕೋಫೈಟಾನ್ ಇಂಡೋಟಿನಿಯೆ. ಅದು ನ್ಯೂಯಾರ್ಕಿನಲ್ಲೂ ಸಿಕ್ಕಿದೆ ಅಂತ 2023ರಲ್ಲಿ ವರದಿಯಾಯಿತು. ಹೆಮ್ಮೆ ಪಡುವ ಹೆಸರಲ್ಲ. ಪ್ಲಾಸ್ಮಾ ಕೀಲಿ ಹುಡುಕುವುದೇ ಇಲ್ಲ. ಅದರಿಂದ ಹುಟ್ಟುವ ಓಝೋನ್, ನೈಟ್ರಿಕ್ ಆಕ್ಸೈಡ್ ಮುಂತಾದವು ಫಂಗಸ್ಸಿನ ಗೋಡೆ, ಪೊರೆ, ಒಳಗಿನ ಪ್ರೋಟೀನು ಎಲ್ಲಕ್ಕೂ ಒಟ್ಟಿಗೆ ಬಡಿಯುತ್ತವೆ. ಒಂದೇ ಕಡೆ ಅಲ್ಲ, ಎಲ್ಲ ಕಡೆಯಿಂದ! ಮತ್ತೆ ಹೇಳುತ್ತೇನೆ, ಎಲ್ಲ ಕಡೆಯಿಂದ. ಯಾವ ಬೀಗ ಅಂತ ಬದಲಿಸುತ್ತದೆ ಅದು? ಹುಳುಕಡ್ಡಿ ಕೂತಿರುವುದೂ ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿ, ಪ್ಲಾಸ್ಮಾದ ಕೈ ಎಟುಕುವ ಜಾಗದಲ್ಲಿ.

ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ಮಾಡಿದ ಕಿನ್‌ಪೆನ್ ಅನ್ನುವ ಪೆನ್ನಿನಂಥ ಸಾಧನಕ್ಕೆ 2013ರಲ್ಲೇ ವೈದ್ಯಕೀಯ ಮಾನ್ಯತೆ ಸಿಕ್ಕಿದೆ. ಮುಖ್ಯವಾಗಿ ಬೇಗ ವಾಸಿಯಾಗದ ಗಾಯಗಳಿಗೆ. ಫಂಗಸ್ಸಿನ ಮೇಲೆ ಪ್ಲಾಸ್ಮಾ ಲ್ಯಾಬ್ ತಟ್ಟೆಗಳಲ್ಲಿ ಚೆನ್ನಾಗಿ ಕೆಲಸ ಮಾಡಿದೆ, ಜನರ ಮೇಲೆ ಸಣ್ಣ ಪ್ರಯೋಗಗಳಷ್ಟೇ ಆಗಿವೆ. ಉಗುರಿನ ಫಂಗಸ್ ವಿಷಯ ಹೇಳೋಣ ಅಂದುಕೊಂಡಿದ್ದೆ, ದೋಸೆ ಹುಡುಗನೇ ಸಮಯ ತಿಂದುಬಿಟ್ಟ. ಉಗುರು ದಪ್ಪ, ಅಲ್ಲಿ ಕಷ್ಟ, ಅಷ್ಟು ಸಾಕು. ಇವತ್ತಿಗೆ ನಿಮಗೆ ಡಾಕ್ಟರು ಬರೆದುಕೊಟ್ಟ ಔಷಧಿಯೇ ಗತಿ, ಅವರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ, ಸ್ಟೀರಾಯ್ಡ್ ಟ್ಯೂಬ್ ಮುಟ್ಟಬೇಡಿ.

ಆ ಹುಡುಗ ಈಗಲೂ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಕರೆಂಟ್ ಮಿಷನ್ ಬಂತಾ ಡಾಕ್ಟ್ರೇ?" ಅನ್ನುತ್ತಾನೆ. "ಇನ್ನೂ ಇಲ್ಲಪ್ಪಾ, ನೀನು ಟವೆಲ್ ಬೇರೆ ಮಾಡ್ಕೊಂಡ್ಯಾ?" ಅಂದರೆ ಮಾತ್ರ ಹಲ್ಲು ಕಿರಿಯುತ್ತಾನೆ.