ನಡುನೀರಿನ ಕುದ್ರುವಿಗೆ ಅಳಿಯನ ಹೆಸರು

ಮೊದಲೇ ಹೇಳ್ಬಿಡ್ತೀನಿ, ನ್ಯೂಯಾರ್ಕಿನ ರೂಸ್‌ವೆಲ್ಟ್ ಐಲ್ಯಾಂಡ್ ಅನ್ನೋ ಕುದ್ರುವಲ್ಲಿ, ಅಂದ್ರೆ ನೀರ ನಡುವಿನ ದ್ವೀಪದಲ್ಲಿ, ನಿಂತು ನಾನು ಒದರಿದ್ದು ಒಂದೂ ಈ ವಿಡಿಯೋದಲ್ಲಿ ನಿಮಗೆ ಕೇಳಲ್ಲ. ಮನೆಗೆ ಬಂದು ಹೆಡ್‌ಫೋನ್ ಹಾಕ್ಕೊಂಡ್ರೆ ಬರೀ ಗಾಳಿ, ಭೋರ್ ಅಂತ. ಮೈಕಿಗೆ ಹಾಕೋ ತುಪ್ಪಳದ ಟೋಪಿ ಇರುತ್ತಲ್ಲ, ಬೆಕ್ಕಿನ ಮರಿ ಥರದ್ದು, ಅದು ಮೇಜಿನ ಮೇಲೇ ಉಳಿದಿತ್ತು. ಹೊರಡೋವಾಗ ಅಪ್ಪಯ್ಯ ಎರಡು ಸಲ ಕೇಳಿದ್ರು, "ಎಲ್ಲ ತಕಂಡ್ಯಾ?" ಅಂತ. ತಗೊಂಡೆ ಅಪ್ಪಯ್ಯ, ಅಂದೆ. ಮೂರು ಗಂಟೆ ಶೂಟಿಂಗು! ಅಷ್ಟರಲ್ಲಿ ಸ್ಪಷ್ಟವಾಗಿ ಕೇಳೋದು ಒಂದೇ, ಅಪ್ಪಯ್ಯ ಸೀನಿದ್ದು. ಟೋಪಿ ಬೆಲೆ ಕೇಳಿದ್ರೆ ನಗ್ತೀರಿ, ಮೈಕ್ ಕೊಂಡಾಗ ಫ್ರೀ ಬಂದಿದ್ದು. ಅದಕ್ಕೇ ಈಗ ಅಡುಗೆಮನೇಲಿ ಕೂತು ಮತ್ತೆ ಮಾತಾಡ್ತಿದ್ದೀನಿ. ಕುಕ್ಕರ್ ಕೂಗಿದ್ರೆ ಕ್ಷಮಿಸಿ.

ಇದು ದ್ವೀಪಕ್ಕೆ ಹೋಗೋ ಟ್ರಾಮ್, ಹಳಿ ಮೇಲಿನದಲ್ಲ, ತಂತಿಗೆ ನೇತಾಡ್ಕೊಂಡು ಹೋಗೋ ಕೇಬಲ್ ಕಾರು. ಕಾಣ್ತಿರೋದು ಯಾರದೋ ನೀಲಿ ಜಾಕೆಟ್ಟು. ಅದರಾಚೆ ಈಸ್ಟ್ ರಿವರ್ ಇದೆ, ನಂಬಿ. ಸಬ್‌ವೇ, ಅಂದ್ರೆ ನೆಲದಡಿಯ ರೈಲು, ಬರೋತನಕ ಇರ್ಲಿ ಅಂತ 1976ರಲ್ಲಿ ಹಾಕಿದ್ದು. ಸಬ್‌ವೇ 1989ರಲ್ಲಿ ಬಂತು, ಇದು ಮಾತ್ರ ಹೋಗ್ಲಿಲ್ಲ.

ರೂಸ್‌ವೆಲ್ಟ್ ಅನ್ನೋದು 1973ರಲ್ಲಿ ಇಟ್ಟ ಹೆಸರು. ನಾನು ಹುಡುಕ್ಕೊಂಡು ಬಂದಿದ್ದು ಹಿಂದೆ ಈ ದ್ವೀಪಕ್ಕೆ ಹೆಸರು ಕೊಟ್ಟ ಒಡೆಯರು, ಬ್ಲ್ಯಾಕ್‌ವೆಲ್ ಮನೆತನವನ್ನ. ಶುರು ಮಾಡಬೇಕಾಗಿದ್ದು ಜಾನ್ ಮ್ಯಾನಿಂಗ್ ಅನ್ನೋ ಇಂಗ್ಲಿಷ್ ಕ್ಯಾಪ್ಟನ್ನಿಂದ. ಡಚ್ಚರು 'ಹಂದಿ ದ್ವೀಪ' ಅಂತಿದ್ದ ಈ ಜಾಗ 1668ರಲ್ಲಿ ಅವನಿಗೆ ಸಿಕ್ತು. 1673ರಲ್ಲಿ ಡಚ್ಚರು ವಾಪಸ್ ದಂಡೆತ್ತಿ ಬಂದಾಗ ಇಂಗ್ಲಿಷ್ ಗವರ್ನರ್ ಊರಲ್ಲಿರ್ಲಿಲ್ಲ, ನ್ಯೂಯಾರ್ಕಿನ ಕೋಟೆ ಇವನ ಕೈಲಿತ್ತು. ಬಿಟ್ಟುಕೊಟ್ಟ! ಆಮೇಲೆ ವಿಚಾರಣೆ ಮಾಡಿ ಎಲ್ಲರೆದುರು ಅವನ ಕತ್ತಿ ಮುರಿದ್ರು. ಅವಮಾನ ನುಂಗ್ಕೊಂಡು ದ್ವೀಪಕ್ಕೆ ಬಂದು ಬಂದವರಿಗೆಲ್ಲ ರಮ್ ಪಂಚ್ ಕುಡಿಸ್ತಾ ಕೂತ. ಹೇಡಿ ಅಂತ ಟ್ರಾಮಲ್ಲಿ ಬೈದಿದ್ದೆ. ಈಗ ಎಡಿಟ್ ಮಾಡ್ತಾ ಅನ್ನಿಸ್ತಿದೆ, ಹಿಡಿಯಷ್ಟು ಸೈನಿಕರನ್ನ ಇಟ್ಕೊಂಡು ಪಾಪ ಏನು ಮಾಡ್ತಿದ್ದ? ಬೈಬೇಕಾದ್ದು ಗವರ್ನರಿಗೆ.

ಮ್ಯಾನಿಂಗ್ ಆದ್ಮೇಲೆ ದ್ವೀಪ ಹೋಗಿದ್ದು ಅವನ ಮಲಮಗಳು ಮೇರಿಯ ಗಂಡ ರಾಬರ್ಟ್ ಬ್ಲ್ಯಾಕ್‌ವೆಲ್‌ಗೆ. ಇದನ್ನ ಹೇಳಿದ್ದೇ ತಡ, ಕುಂದಾಪುರದ ಅಪ್ಪಯ್ಯ ಅಲ್ಲೇ ನಿಂತುಬಿಟ್ರು: "ಹಾಂಗಾರೆ ಕುದ್ರು ಅಳಿಯನಿಗೆ ಹೋಯ್ತಾ? ಇಲ್ಲೂ ಅಳಿಯಸಂತಾನವಾ?" ಅಲ್ಲ ಅಪ್ಪಯ್ಯ, ನಮ್ಮ ಅಳಿಯಸಂತಾನದಲ್ಲಿ ಆಸ್ತಿ ಹೋಗೋ ಅಳಿಯ ಅಂದ್ರೆ ಅಕ್ಕತಂಗಿ ಮಗ, ಇಲ್ಲಿ ಮಗಳ ಗಂಡ, ಅಂದೆ. "ಮತ್ತೆ ಮಗಳ ಹೆಸ್ರ್ ಎಲ್ಲಿತ್ತ್?" ಎಲ್ಲೂ ಇಲ್ಲ. ದ್ವೀಪ ಕೈ ಬದಲಾಗಿದ್ದು ಮೇರಿಯಿಂದ, ಇನ್ನೂರು ವರ್ಷಕ್ಕೂ ಮಿಕ್ಕಿ ಉಳಿದಿದ್ದು ಗಂಡನ ಮನೆ ಹೆಸರು.

ಹಲಗೆ ಹೊದಿಸಿದ ಈ ಮನೆ ಅವರದ್ದೇ, ಜೇಮ್ಸ್ ಬ್ಲ್ಯಾಕ್‌ವೆಲ್ 1796ರ ಸುಮಾರಿಗೆ ಕಟ್ಟಿಸಿದ್ದು. ಅಪ್ಪಯ್ಯ ಹಲಗೆ ಮೇಲೆ ಬೆರಳು ಮಡಚಿ ಕುಟ್ಟಿ ನೋಡ್ತಿದ್ದಾರೆ, ಹಲಸಿನ ಮರವೋ ಬೋಗಿ ಮರವೋ ಅಂತ. ಎರಡೂ ಅಲ್ಲ! 1828ರಲ್ಲಿ ಊರಾಡಳಿತ 32,000 ಡಾಲರ್ ಕೊಟ್ಟು ದ್ವೀಪ ಕೊಂಡ್ಕೊಂಡು ಜೈಲು ಕಟ್ತು, 1839ರಲ್ಲಿ ಹುಚ್ಚಾಸ್ಪತ್ರೆ. ಆ ಎಂಟು ಮೂಲೆ ಕಟ್ಟಡ ಅದರದ್ದೇ ಉಳಿಕೆ, ಈಗ ಬಾಡಿಗೆ ಮನೆಗಳು. 1887ರಲ್ಲಿ ನೆಲ್ಲೀ ಬ್ಲೈ ಅನ್ನೋ ಪತ್ರಕರ್ತೆ ಹುಚ್ಚಿ ಥರ ನಟಿಸಿ ಒಳಗೆ ಸೇರಿ ಹತ್ತು ದಿನ ಇದ್ದು, ಅಲ್ಲಿನ ಹಳಸಲು ಊಟ, ತಣ್ಣೀರ ಸ್ನಾನ ಎಲ್ಲ ಪತ್ರಿಕೇಲಿ ಬರೆದ್ಲು. ಜನಕ್ಕೆ ಬ್ಲ್ಯಾಕ್‌ವೆಲ್ ಅಂದ್ರೆ ಜೈಲು, ಹುಚ್ಚಾಸ್ಪತ್ರೆ ಅಷ್ಟೇ. 1921ರಲ್ಲಿ ಹೆಸರು ತೆಗೆದು ವೆಲ್‌ಫೇರ್ ಐಲ್ಯಾಂಡ್ ಅಂದ್ರು. ಜಾಗ ಮಾರಿ ತೊಂಬತ್ತು ವರ್ಷ ಕಳೆದಿತ್ತು, ಕೆಟ್ಟ ಹೆಸರು ಮಾತ್ರ ಹಳೇ ಒಡೆಯರಿಗೆ. ನನಗೆ ಸಿಟ್ಟು ಬಂತು. ಆಮೇಲೆ ನೆನಪಾಯ್ತು, 32,000 ಎಣಿಸ್ಕೊಂಡಿದ್ರಲ್ಲ.

ಉತ್ತರದ ತುದಿ, ದೀಪಸ್ತಂಭ, 1872ರದ್ದು. ಅಪ್ಪಯ್ಯ ಬೆನ್ನು ತಿರುಗಿಸಿ ನೀರನ್ನೇ ನೋಡ್ತಿದ್ದಾರೆ: "ಇದು ಹೊಳೆ ಅಲ್ಲ ಮಗಾ, ಉಪ್ಪುನೀರು, ಏರ್ತಾ ಇತ್ತ್." ನಿಜ. ಹೆಸರಲ್ಲಿ ರಿವರ್ ಇದ್ರೂ ಇದು ಸಮುದ್ರದ ಕವಲೇ. ಗೂಗಲ್ ಮಾಡಿ ಹೇಳೋಣ ಅಂತ ನಾನು ಫೋನ್ ತೆಗೆಯೋದ್ರೊಳಗೆ... ಬ್ಯಾಟರಿ ಕೆಂಪು. ಉಳಿದಿದ್ದು ಟ್ರಾಮಿನ ಕ್ಯೂ, ಅದನ್ನ ಕತ್ತರಿಸ್ತೀನಿ. ಕುಕ್ಕರ್ ಕೂಗ್ತು, ಬರ್ಲಾ?