ಸ್ಕೋರ್‌ಶೀಟಿನ ಕೆಳಗಿನ ಗೆರೆ

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗಾವಿಯಲ್ಲಿ ಏಪ್ರಿಲ್ ತಿಂಗಳು ಹಗಲು ಎಷ್ಟೇ ಬಿಸಿಲಿರಲಿ, ಸಂಜೆ ಏಳಾಯಿತೆಂದರೆ ತಂಪು ಗಾಳಿ ಬಿಡುತ್ತದೆ. ಹೊನಲು ಬೆಳಕಿನ ಬಾಸ್ಕೆಟ್‌ಬಾಲ್ ಟೂರ್ನಿಗಳಿಗೆ ಅದೇ ಕಾಲ. ಕಾಂಕ್ರೀಟ್ ಕೋರ್ಟು, ಮೂಲೆಗೊಂದು ದೀಪದ ಕಂಬ, ಗೇಟಿನ ಹತ್ತಿರ ಚುರುಮುರಿ ಗಾಡಿ, ಅರ್ಧ ಕನ್ನಡ ಅರ್ಧ ಮರಾಠಿ ಕಾಮೆಂಟರಿ. ಆಡುವವರು ಯಾರೂ ದುಡ್ಡಿಗೆ ಆಡುವವರಲ್ಲ. ಕಾಲೇಜು ಮಕ್ಕಳು, ಬ್ಯಾಂಕಿನವರು, ಫೌಂಡ್ರಿಯಲ್ಲಿ ಪಾಳಿ ಮುಗಿಸಿ ಬಂದವರು, ರಜೆಯ ಮೇಲೆ ಊರಿಗೆ ಬಂದ ಸಿಪಾಯಿಗಳು. ನಾನು ಶಾಲೆಯಲ್ಲಿ ಪಿ.ಟಿ. ಅಕ್ಕೋರಾಗಿದ್ದವಳು. ಬೇಸಿಗೆಯಲ್ಲಿ ಇಂಥ ಕೋರ್ಟುಗಳಲ್ಲಿ ಸೀಟಿ ಊದಿಕೊಂಡೇ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ.

ಇವತ್ತು ಹೇಳಬೇಕೆಂದಿರುವುದು ಆ ಕೋರ್ಟಿನಲ್ಲಿ ಆಡುವ, ಆಡಿ ಸುಮ್ಮನೆ ಬಿಟ್ಟುಹೋದ ಕೆಲವರ ವಿಷಯ. ಪೇಪರಿನಲ್ಲಿ ಎಲ್‌ಜಿಬಿಟಿಕ್ಯೂ ಎಂದು ಬರೆಯುತ್ತಾರೆ. ಸಲಿಂಗಿಗಳು, ದ್ವಿಲಿಂಗಿಗಳು, ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಎಂದುಕೊಂಡವರು, ಎಲ್ಲರೂ ಸೇರಿ ಆ ಹೆಸರು. ಈ ಮಾತು ತೆಗೆದಾಗ ಟೂರ್ನಿ ನಡೆಸುವ ಹಿರಿಯರೊಬ್ಬರು, "ನಮ್ಮ ಕಡೆ ಅಂಥಾವ್ರು ಎಲ್ಲಿದಾರ್ರೀ ಅಕ್ಕೋರ?" ಅಂದರು. ಸವದತ್ತಿ ಎಲ್ಲಮ್ಮನ ಗುಡ್ಡ ನಮಗೆ ಎರಡು ತಾಸಿನ ದಾರಿ. ವರ್ಷಾ ಬನದ ಹುಣ್ಣಿಮೆಗೆ ಹೋಗಿ ಗಂಡಾಗಿ ಹುಟ್ಟಿ ದೇವಿಯ ಹೆಸರಲ್ಲಿ ಸೀರೆ ಉಟ್ಟ ಜೋಗಪ್ಪನ ಕೈಯಿಂದಲೇ ಭಂಡಾರ ಹಚ್ಚಿಸಿಕೊಂಡು ಬರುವ ಮನುಷ್ಯ ಅವರು.

ಬೇರೆಯವರ ತಪ್ಪು ಹೇಳುವ ಮೊದಲು ನನ್ನದು ಹೇಳುತ್ತೇನೆ.

ಮಹಿಳೆಯರ ಸೆಮಿಫೈನಲ್. ಒಂದು ಟೀಮಿನಲ್ಲಿ ಏಳು ನಂಬರಿನ ಹುಡುಗಿ. ಗಿಡ್ಡ ಕೂದಲು, ದೊಗಳೆ ಜರ್ಸಿ, ಎಡಗೈ ಆಟ. ಬಲಗೈಯವರನ್ನು ತಡೆದು ರೂಢಿಯಾದವರು ಎಡಗೈಯವರ ಮುಂದೆ ಒಂದು ಹೆಜ್ಜೆ ತಡವಾಗುತ್ತಾರೆ. ಅವಳಿಗೆ ಆ ಒಂದು ಹೆಜ್ಜೆ ಸಾಕಾಗಿತ್ತು. ಅರ್ಧ ಆಟಕ್ಕೇ ಹದಿನಾಲ್ಕು ಪಾಯಿಂಟು. ವಿರಾಮದಲ್ಲಿ ಎದುರಾಳಿ ಮ್ಯಾನೇಜರು ಟೇಬಲ್ಲಿಗೆ ಬಂದರು. "ಅಕ್ಕೋರ, ಆ ಏಳ ನಂಬರ ಹುಡುಗಿ ಅಲ್ರೀ. ನೋಡಿದ್ರ ತಿಳೀತೈತಿ."

ಆಗ ಏನು ಮಾಡಬೇಕು ಎಂಬುದು ನಿಯಮದಲ್ಲೇ ಇದೆ. ಸ್ಕೋರ್‌ಶೀಟಿನ ಕೆಳಗೆ ಒಂದು ಗೆರೆ ಇರುತ್ತದೆ. ಆಕ್ಷೇಪ ಇದ್ದ ಟೀಮಿನ ಕ್ಯಾಪ್ಟನ್ ಆಟ ಮುಗಿದ ಮೇಲೆ ಅಲ್ಲಿ ಸಹಿ ಹಾಕಬೇಕು, ಆಮೇಲೆ ಕಾರಣ ಬರೆದು ಕೊಡಬೇಕು. ಬಾಯಿಮಾತಿಗೆ ಜಾಗವಿಲ್ಲ. "ಆಟ ಮುಗೀಲಿ, ಸಹಿ ಮಾಡ್ರಿ" ಅಂದಿದ್ದರೆ ಆ ಮನುಷ್ಯ ಅಲ್ಲಿಗೇ ತಣ್ಣಗಾಗುತ್ತಿದ್ದರು, ಇಂಥವರನ್ನು ಬಹಳ ಕಂಡಿದ್ದೇನೆ. ನಾನು ಹಾಗೆ ಅನ್ನಲಿಲ್ಲ. ಗದ್ದಲ ಬೇಡ ಎಂದು ಹುಡುಗಿಯನ್ನೇ ಕರೆದು, "ಆಧಾರ್ ಕಾರ್ಡ್ ತಂದೀ ಏನವಾ? ಒಮ್ಮೆ ತೋರಿಸಿಬಿಡು" ಅಂದೆ. ಮೆತ್ತಗೇ ಅಂದೆ. ಆದರೆ ಟೇಬಲ್ಲಿನ ಮೈಕು ಆನ್ ಇತ್ತು.

ಅವಳು ಬೆಂಚಿಗೆ ಹೋಗಿ ಬ್ಯಾಗು ಬಿಚ್ಚಿದಳು. ಟವೆಲ್ಲು, ಇನ್ನೊಂದು ಜೊತೆ ಕಾಲುಚೀಲ, ಎರಡು ಬಾಳೆಹಣ್ಣು, ಒಂದೊಂದಾಗಿ ಹೊರಗಿಟ್ಟಳು. ತಳದಲ್ಲಿದ್ದ ಪ್ಲಾಸ್ಟಿಕ್ ಕವರಿನಿಂದ ಕಾರ್ಡು ತೆಗೆದು ತಂದಳು. ಇಡೀ ಮೈದಾನ ನೋಡುತ್ತಿತ್ತು. ಕಾರ್ಡಿನಲ್ಲಿ ಮಹಿಳೆ ಎಂದಿತ್ತು. ಆಟ ಮುಂದುವರಿಯಿತು. ಮೂರನೇ ಕ್ವಾರ್ಟರಿನಲ್ಲಿ ಅವಳಿಗೆ ಯಾರೂ ಅಡ್ಡ ಬಾರದಂತೆ ನಿಂತು ಎಸೆಯುವ ಎರಡು ಫ್ರೀ ಥ್ರೋ ಸಿಕ್ಕವು, ಎರಡೂ ರಿಂಗಿಗೆ ತಾಗಲೇ ಇಲ್ಲ. ಮುಂದಿನ ವರ್ಷ ಅವಳ ಟೀಮು ಬಂತು, ಅವಳು ಬರಲಿಲ್ಲ. ಅವಳು ಯಾರನ್ನು ಪ್ರೀತಿಸುತ್ತಾಳೆ, ತನ್ನನ್ನು ಏನೆಂದು ಕರೆದುಕೊಳ್ಳುತ್ತಾಳೆ, ನನಗೆ ಇವತ್ತಿಗೂ ತಿಳಿಯದು. ತಿಳಿಯುವ ಗರಜೂ ಇರಲಿಲ್ಲ.

ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದಿದ್ದರು. ಲಿಂಗ ಪರೀಕ್ಷೆಯ ನೆಪದಲ್ಲಿ ಆ ಪದಕ ಕಸಿದುಕೊಂಡರು. ಒಡಿಶಾದ ದ್ಯುತಿ ಚಾಂದ್‌ರನ್ನು 2014ರಲ್ಲಿ ಹಾರ್ಮೋನಿನ ಲೆಕ್ಕ ಹೇಳಿ ಹೊರಗಿಟ್ಟರು. ಅವರು ಕ್ರೀಡಾ ನ್ಯಾಯಮಂಡಳಿಯ ತನಕ ಹೋಗಿ 2015ರಲ್ಲಿ ಟ್ರ್ಯಾಕಿಗೆ ಮರಳಿದರು. 2019ರಲ್ಲಿ ತಮ್ಮ ಸಂಗಾತಿ ಒಬ್ಬ ಹುಡುಗಿ ಎಂದು ಎಲ್ಲರೆದುರು ಹೇಳಿಕೊಂಡರು. ಇವನ್ನೆಲ್ಲ ಓದಿ "ಛೇ, ಎಂಥಾ ಅನ್ಯಾಯ" ಅಂದವಳೇ ನಾನು. ಅದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ, ಚುರುಮುರಿ ಗಾಡಿಯ ಪಕ್ಕದಲ್ಲಿ ನಾನೇ ಮಾಡಿದ್ದೆ.

ಹುಡುಗರ ಕಥೆ ಬೇರೆ. ಸಲಿಂಗಿ ಹುಡುಗ ಪುರುಷರ ಟೀಮಿನಲ್ಲಿ ಆಡುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಬಾಯಿ. ಪಾಸು ತಪ್ಪಿದರೆ "ಹೆಣ್ಣಿಗ". ಡಿಕ್ಕಿಗೆ ಹಿಂಜರಿದರೆ "ಬಳಿ ತೊಡ್ಕೊಂಡ ಬಂದೀಯೇನಲೇ?" ಕೋಚುಗಳೇ ಅನ್ನುತ್ತಾರೆ. ಆಟಕ್ಕೆ ಮುಂಚೆ ಉಂಗುರ, ಬಳೆ ತೆಗೆದಿಡಿಸುವುದು ರೆಫರಿಯ ಕೆಲಸ. ನನ್ನ ಕೈಬಳೆ ತೆಗೆದು ಟೇಬಲ್ಲಿನ ಮೇಲಿಟ್ಟೇ ನಾನು ಕೋರ್ಟಿಗೆ ಇಳಿಯುತ್ತಿದ್ದೆ. ಹಾಗಾಗಿ ಈ ಮಾತು ನನಗೆ ಎರಡು ಸಲ ಚುಚ್ಚುತ್ತದೆ. ಕೋರ್ಟಿನ ಆಚೆ ಇನ್ನೂ ಕಷ್ಟ. ವಿಜಯಪುರಕ್ಕೋ ಬಾಗಲಕೋಟೆಗೋ ಟೀಮು ಹೊರಟರೆ ಲಾಡ್ಜಿನಲ್ಲಿ ಒಂದು ರೂಮಿಗೆ ನಾಲ್ಕು ಜನ. ಒಬ್ಬನ ಬಗ್ಗೆ ಗುಸುಗುಸು ಎದ್ದಿತೆಂದರೆ ಅವನ ಜೊತೆ ಮಲಗಲು ಯಾರೂ ತಯಾರಿಲ್ಲ. ಬಾಗಲಕೋಟೆಯ ನವನಗರದಲ್ಲಿ ಒಂದು ಟೂರ್ನಿಗೆ ಹೋದಾಗ ಒಬ್ಬ ಹುಡುಗ ಎರಡು ರಾತ್ರಿಯೂ ರಿಸೆಪ್ಷನ್ನಿನ ಸೋಫಾದ ಮೇಲೆ ಮಲಗಿದ್ದ. ಕೇಳಿದರೆ "ಒಳಗ ಭಾಳ ಝಳಾರೀ ಅಕ್ಕೋರ" ಅಂದ. ಬೆಳಿಗ್ಗೆ ಟೀಮಿನವರೆಲ್ಲ ಅವನ ಪಾಸಿನ ಮೇಲೆಯೇ ಬಾಸ್ಕೆಟ್ ಹಾಕಿದರು.

ಅಲ್ಲಿಂದ ಈಚೆ ನಾನೊಂದು ರೂಢಿ ಮಾಡಿಕೊಂಡೆ. ಎದುರಾಳಿಗೆ ಅವಮಾನ ಮಾಡುವ ಮಾತಿಗೆ ಟೆಕ್ನಿಕಲ್ ಫೌಲ್ ಕೊಡಬಹುದೆಂದು ನಿಯಮ ಮೊದಲಿನಿಂದಲೂ ಹೇಳುತ್ತದೆ, ನಾವು ಊದುವುದಿಲ್ಲ ಅಷ್ಟೇ. ನಾನು ಊದತೊಡಗಿದೆ. ಎದುರಾಳಿಗೆ ಒಂದು ಫ್ರೀ ಥ್ರೋ, ಎರಡನೇ ಸಲ ಅಂದರೆ ಅಂದವನು ಹೊರಗೆ. ಮೊದಲ ಸಲ ಊದಿದಾಗ ಹುಡುಗ ಕಕ್ಕಾಬಿಕ್ಕಿಯಾದ. "ಏನ್ರೀ ಅಕ್ಕೋರ, ಚಾಷ್ಟಿಗೆ ಅಂದೆ." ಚಾಷ್ಟಿಗೆ ಒಂದು ಪಾಯಿಂಟು ಹೋಯಿತು. ಅವನ ಟೀಮಿನವರೇ ಅವನ ಬಾಯಿ ಮುಚ್ಚಿಸಿದರು. ಉಪದೇಶಕ್ಕಿಂತ ಇದು ಬೇಗ ನಾಟುತ್ತದೆ.

ಅಮೆರಿಕದ ಆಟಗಾರರ ಮಾತೂ ಸ್ವಲ್ಪ ಹೇಳಬೇಕು, ನಮ್ಮ ಹುಡುಗರು ಗೋಡೆಗೆ ಅಂಟಿಸುವುದು ಅವರ ಪೋಸ್ಟರುಗಳನ್ನೇ. ಅಲ್ಲಿನ ದೊಡ್ಡ ಲೀಗಾದ ಎನ್‌ಬಿಎ ಶುರುವಾದದ್ದು 1946ರಲ್ಲಿ. ಇನ್ನೂ ಆಡುತ್ತಿರುವಾಗಲೇ ತಾನು ಸಲಿಂಗಿ ಎಂದು ಹೇಳಿಕೊಂಡ ಮೊದಲಿಗ ಜೇಸನ್ ಕಾಲಿನ್ಸ್, ಅದೂ 2013ರಲ್ಲಿ. ಅಂದರೆ ಅರವತ್ತೇಳು ವರ್ಷ ಯಾರಿಗೂ ಬಾಯಿ ಬರಲಿಲ್ಲ. ಕಾಲಿನ್ಸ್ ಜರ್ಸಿಯ ನಂಬರು 98. ಸಲಿಂಗಿ ಎಂಬ ಕಾರಣಕ್ಕೆ 1998ರಲ್ಲಿ ಕೊಲೆಯಾದ ಮ್ಯಾಥ್ಯೂ ಶೆಪರ್ಡ್ ಎಂಬ ವಿದ್ಯಾರ್ಥಿಯ ನೆನಪಿಗೆ ತೊಟ್ಟದ್ದು. ಹೆಣ್ಣುಮಕ್ಕಳು ಅದಕ್ಕಿಂತ ಮೊದಲೇ ಮಾತಾಡಿದ್ದರು. ಮಹಿಳಾ ಲೀಗಿನ ಶ್ರೇಷ್ಠ ಆಟಗಾರ್ತಿ ಶೆರಿಲ್ ಸ್ವೂಪ್ಸ್ ಹೇಳಿಕೊಂಡದ್ದು 2005ರಲ್ಲಿ.

ಹವ್ಯಾಸಿಗಳ ಮಟ್ಟದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಗೇ ಗೇಮ್ಸ್. ಟಾಮ್ ವಾಡೆಲ್ ಎಂಬ ವೈದ್ಯರು, 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಡೆಕಾಥ್ಲಾನ್ ಆಡಿದವರು, 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುಮಾಡಿದರು. ಬಾಸ್ಕೆಟ್‌ಬಾಲೂ ಇರುತ್ತದೆ. ಅರ್ಹತಾ ಸುತ್ತು ಇಲ್ಲ, ಬರುವವರು ಸಲಿಂಗಿಯೇ ಆಗಿರಬೇಕೆಂದೂ ಇಲ್ಲ. 2023ರಲ್ಲಿ ಮೊದಲ ಸಲ ಏಷ್ಯಾಕ್ಕೆ, ಹಾಂಗ್‌ಕಾಂಗಿಗೆ ಬಂತು. ನಮ್ಮಲ್ಲಿ ಕೇರಳ 2017ರಲ್ಲೇ ತಿರುವನಂತಪುರದಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ರಾಜ್ಯಮಟ್ಟದ ಕ್ರೀಡಾಕೂಟ ನಡೆಸಿತ್ತು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನ ಹಿಡಿತದಿಂದ ಅದನ್ನು ಬಿಡಿಸಿದ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ಕ್ಕೆ. ಮೈದಾನ ಆ ತೀರ್ಪಿಗಿಂತ ಮುಂದಿತ್ತು ನೋಡಿ.

ಟ್ರಾನ್ಸ್ ಮಹಿಳೆಯರು, ಅಂದರೆ ಹುಟ್ಟಿದಾಗ ಗಂಡೆಂದು ಬರೆಸಿದ್ದರೂ ಹೆಣ್ಣಾಗಿ ಬದುಕುವವರು, ಮಹಿಳೆಯರ ವಿಭಾಗದಲ್ಲಿ ಆಡಬಹುದೇ ಎಂಬ ಪ್ರಶ್ನೆ ಮಾತ್ರ ಕಠಿಣದ್ದೇ. ಅದನ್ನು ಹಗುರಾಗಿ ತಳ್ಳಿಹಾಕಲು ನನ್ನ ಕೈಲಾಗದು. 2023ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ, ಗಂಡಿನ ಮೈಯಲ್ಲಿ ಪ್ರಾಯಕ್ಕೆ ಬಂದವರಿಗೆ ಮಹಿಳಾ ವಿಭಾಗ ಇಲ್ಲ ಎಂದಿತು. ಅದೇ ವರ್ಷ ಆಸ್ಟ್ರೇಲಿಯಾದ ಬಾಸ್ಕೆಟ್‌ಬಾಲ್ ಸಂಸ್ಥೆಯೂ ಅಲ್ಲಿನ ಒಂದು ಲೀಗಿಗೆ ಒಬ್ಬ ಟ್ರಾನ್ಸ್ ಆಟಗಾರ್ತಿಯನ್ನು ಬಿಡಲಿಲ್ಲ. ಪದಕ, ನೌಕರಿ ತೂಗಾಡುವ ಕಡೆ ಅಳತೆ ಮಾಡಲಿ. ಹದಿನಾರರ ಹುಡುಗಿಯೂ ಮೂವತ್ತೆಂಟರ ಎರಡು ಮಕ್ಕಳ ತಾಯಿಯೂ ಒಂದೇ ಟೀಮಿನಲ್ಲಿ ಓಡುವ ನಮ್ಮ ಟೂರ್ನಿಗೆ ಅದೇ ತಕ್ಕಡಿ ತರುವುದು ನನಗೆ ಸರಿಕಾಣುವುದಿಲ್ಲ.

ಒಂದು ದಾರಿ ಕಣ್ಣಮುಂದೆಯೇ ಇತ್ತು. ಟೋಕಿಯೊ ಒಲಿಂಪಿಕ್ಸಿಗೆ ಮೂವರು ಮೂವರ ಆಟ ಸೇರಿಸಿದರಲ್ಲ, ಅದು. ಅರ್ಧ ಕೋರ್ಟು, ಒಂದೇ ರಿಂಗು, ಹತ್ತು ನಿಮಿಷ, ಮೊದಲು 21 ಮುಟ್ಟಿದವರದೇ ಆಟ. ಐವರ ಆಟದಲ್ಲಿ ಗಂಡಸರಿಗೆ ಏಳನೇ ಸೈಜಿನ ಚೆಂಡು, ಹೆಂಗಸರಿಗೆ ಆರನೆಯದು. ಇಲ್ಲಿ ಎಲ್ಲರಿಗೂ ಒಂದೇ ಚೆಂಡು, ಆರರ ಗಾತ್ರ, ಏಳರ ತೂಕ. ಕಳೆದ ಮೇ ತಿಂಗಳಲ್ಲಿ ನಾವು ನಾಲ್ಕು ಜನ ಸೇರಿ ಮಿಶ್ರ ಟೀಮುಗಳ ಟೂರ್ನಿ ಇಟ್ಟೆವು. ಎಂಟ್ರಿ ಫಾರ್ಮು ಟೈಪ್ ಮಾಡುವ ಹುಡುಗ ಹಳೇ ಫಾರ್ಮು ಪಕ್ಕದಲ್ಲಿಟ್ಟುಕೊಂಡು, "ಅಕ್ಕೋರ, ಲಿಂಗ ಅನ್ನೂ ಕಾಲಂ ಬಿಟ್ಟೀರಿ. ಜಾಗಾ ಖಾಲಿ ಉಳೀತೈತಿ" ಅಂದ. ಅಲ್ಲಿ ಟಿ-ಶರ್ಟ್ ಸೈಜು ಹಾಕು ಅಂದೆ.

ಒಂಬತ್ತು ಟೀಮು ಬಂದವು. ವಿಜಯಪುರದಿಂದ ಒಂದು ಟೀಮು ರಾತ್ರಿ ಬಸ್ಸಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲೇ ಮುಖ ತೊಳೆದುಕೊಂಡು ಆಡಿತು, ಸೋತಿತು, ರೆಫರಿಯನ್ನು ಬೈದಿತು. ರೆಫರಿ ನಾನೇ. ಟಿ-ಶರ್ಟುಗಳು ಮಾತ್ರ ಅರ್ಧಕ್ಕರ್ಧ ತಪ್ಪು ಸೈಜಿನವು ಬಂದವು, ಅದರ ಜಗಳ ಇನ್ನೂ ಮುಗಿದಿಲ್ಲ.

ನಮಸ್ಕಾರ.